ದೊಡ್ಡತಾಯಿ ನೀರುನಾಯಿ ಓಡಿಸಿದ್ದು

ಒಂದಾನೊಂದು ಕಾಲದಲ್ಲಿ, ಹ್ಞೂಂ ಅಂತಿರು ಮಗಾ, ಕಾವೇರಿ ಹೊಳೆ ಮಡು ಹತ್ರ ದೊಡ್ಡತಾಯಿ ಅಂತ ಒಬ್ಬಳಿದ್ಳಂತೆ. ಹರಿಗೋಲಲ್ಲಿ ಹೋಗಿ ಬಲೆ ಬಿಟ್ಟು ಮೀನು ಹಿಡಿಯೋದು ಅವಳ ಕಸುಬು. ಒಂದು ವರ್ಷ ಬಲೆಗೆ ಗೆಂಡೆ ಮೀನು ಸ್ವಲ್ಪ ಕಮ್ಮಿ ಬಿತ್ತಂತೆ. ಅಷ್ಟಕ್ಕೇ, ಯಾರೋ ಕದೀತಾವ್ರೆ ಅಂತ ಅವಳಿಗೆ ಅನುಮಾನ ಹತ್ಕೊಂಡ್ತು.

ಮೊದಲು ಓರಗಿತ್ತಿ ಪುಟ್ಟಮಾದಿ ಮೇಲೆ. ಅವಳ ಮನೇಲಿ ಸಾರು ಘಮ್ಮಂದ್ರೆ ಸಾಕು, ಇವಳು ಒಳಗೆ ನುಗ್ಗಿ ಯಾರ ಬಲೇದೇ ಇದು ಅನ್ನೋಳಂತೆ. ಹುರುಳಿಕಾಳು ಕಣಕ್ಕ ಅಂದ್ರೂ ಸೌಟು ಹಾಕಿ ನೋಡೋಳಂತೆ. ಪುಟ್ಟಮಾದಿ ಮಾತೇ ಬಿಟ್ಟಳು.

ಆಮೇಲೆ ನೀರುಕಾಗೆಗಳ ಮೇಲೆ. ಬಂಡೆ ಮೇಲೆ ರೆಕ್ಕೆ ಹರವಿಕೊಂಡು ಕೂತಿದ್ದವನ್ನ ಕಲ್ಲಲ್ಲಿ ಹೊಡೆದು ಓಡಿಸಿದಳಂತೆ, ಆದ್ರೂ ಮೀನು ಹೆಚ್ಚಲಿಲ್ಲ. ಆಮೇಲೆ ದಡದ ಬಿಲದಲ್ಲಿದ್ದ ನೀರುನಾಯಿಗಳ ಮೇಲೆ ಬಿತ್ತು ಕಣ್ಣು. ಮೀಸೆ ನೋಡಿದ್ರೇ ಗೊತ್ತಾಗಲ್ವಾ, ಇವೇ ಕಳ್ಳರು ಅಂದ್ಕೊಂಡು, ಅವು ನೀರಿಗಿಳಿದ ಹೊತ್ತು ನೋಡಿ ಬಿಲದ ಬಾಯಿಗೆಲ್ಲ ಜಾಲಿಮುಳ್ಳು ಜಡಿದಳಂತೆ. ಅವು ಬಂದು, ಮೂಸಿ, ಕುಯ್ಯಿಗುಟ್ಟಿ, ದೂರದ ಮಡುವಿಗೆ ಹೊರಟೇ ಹೋದವಂತೆ.

ಮಾರನೇ ವರ್ಷ ನೋಡು, ಗೆಂಡೆ ಮೀನು ಬೇರುಸಹಿತ ಹೋದಂಗಾಯ್ತು. ದೊಡ್ಡತಾಯಿ ದಿನವಿಡೀ ದಡದಲ್ಲಿ ಕೂತು ಕಾವಲು ಕಾದಳಂತೆ. ಕಳ್ಳ ಮಾತ್ರ ಕಾಣಲೇ ಇಲ್ಲ. ಆಮೇಲೆ ಒಂದಿನ ಬಲೆಗೆ ತೋಳುದ್ದದ ಬಾಳೆಮೀನು ಬಿತ್ತು. ಹೊಟ್ಟೆ ಸೀಳಿದ್ರೆ ಒಳಗೆ ಹನ್ನೊಂದು ಗೆಂಡೆಮರಿ, ಇಡಿಇಡಿಯಾಗಿ!

ಪಕ್ಕದಲ್ಲೇ ಪಾತ್ರೆ ಬೆಳಗ್ತಿದ್ದ ಪುಟ್ಟಮಾದಿ ಅವತ್ತು ಬಾಯಿ ಬಿಟ್ಟಳಂತೆ. ಅಕ್ಕಾ, ಈ ಬಾಳೆಮೀನು ಹಿಡಿದು ತಿಂತಿದ್ದೋರ ಬಿಲಕ್ಕೇ ಅಲ್ವಾ ನೀನು ಮುಳ್ಳು ಹಾಕಿದ್ದು?

ದೊಡ್ಡತಾಯಿ ಕೈಲಿದ್ದ ಕತ್ತಿ ಅಲ್ಲೇ ಬಿಸಾಕಿದಳಂತೆ. ಎದ್ದು ಹೋಗಿ ಬರೀ ಕೈಲೇ ಮುಳ್ಳು ಕೀಳ್ತಾ ಕೂತಳಂತೆ. ಕೈಯೆಲ್ಲ ರಕ್ತ. ಅದನ್ನ ನೋಡಿ ಪುಟ್ಟಮಾದಿ ಸೆರಗು ಸಿಕ್ಕಿಸಿಕೊಂಡು ತಾನೂ ಮುಳ್ಳು ಕೀಳೋಕೆ ಬಂದಳು.

ನೀರುನಾಯಿಗಳು ಸುಮ್ನೆ ಬಂದ್ವಾ? ಈಗ ಅವಕ್ಕೆ ಇವಳ ಮೇಲೆ ಅನುಮಾನ. ನಡುನೀರಲ್ಲಿ ತಲೆಯೆತ್ತಿ, ಇವಳನ್ನ ನೋಡಿ, ಬುಳಕ್ಕಂತ ಮುಳುಗಿಬಿಡೋವಂತೆ. ದೊಡ್ಡತಾಯಿ ಬೇಜಾರು ಮಾಡ್ಕೊಳ್ಳದೆ ಹರಿಗೋಲನ್ನ ಕೆಳಗಿನ ದಡಕ್ಕೆ ಸಾಗಿಸಿ ದಾರಿ ಬಿಟ್ಟಳಂತೆ. ಮಳೆಗಾಲ ಕಳೆದ ಮೇಲೆ ಅವು ಮರಿ ಕಟ್ಕೊಂಡು ಹಳೇ ಬಿಲಕ್ಕೇ ಬಂದವು. ಅವು ತಿನ್ನೋದು ತಿಂದವು, ಇವಳಿಗೆ ಬೀಳೋದೂ ಬಿತ್ತು.

ಆಮೇಲೆ ಓರಗಿತ್ತಿಯರಿಬ್ರೂ ಒಂದೇ ಹರಿಗೋಲಲ್ಲಿ ಹೋಗಿ, ಸಿಕ್ಕಿದ್ದನ್ನ ಹಂಚಿಕೊಂಡು, ಜಗಳ ಆಡಿದ್ರೂ ಮಾತು ಬಿಡದೆ ಬಾಳಿದ್ರಂತೆ. ಅಲ್ಲಿಗೆ ಅವರ ಕತೆ ಮುಗೀತು, ಇನ್ನು ನಿನ್ನ ನಿದ್ದೆ ಶುರುವಾಗ್ಲಿ.