ಯೀಸ್ಟಪ್ಪನ ಗಾಢ ನಿದ್ದೆ

ಮನೆಯಲ್ಲೇ ವೈನ್ ಮಾಡುವ ಕಿಟ್ಟಿನ ಜಾಡಿಯಲ್ಲಿ ಬಿಳಿ ದ್ರಾಕ್ಷಿಯ ವೈನು ತಯಾರಾಗಿತ್ತು, ಆದರೆ ಬರೀ ಹುಳಿ. ಅದಕ್ಕೆ ಸಿಹಿ ಕೊಟ್ಟು ಹೆಸರು ಗಳಿಸಬೇಕೆಂದು ಸಕ್ಕರೆ ಚಮಚ ಏರಿ ಹೊರಟಳು.

ಕಿಟ್ಟಿನಲ್ಲಿದ್ದ, ಹುದುಗು ನಿಲ್ಲಿಸುವ ಪುಡಿಯ ಪೊಟ್ಟಣ ತಡೆಯಿತು. "ತಾಳಮ್ಮ. ಇದ್ದ ಸಿಹಿಯನ್ನೆಲ್ಲ ತಿಂದು ಮುಗಿಸಿದ ಯೀಸ್ಟು ತಳದಲ್ಲೇ ಇದ್ದಾನೆ. ಮೊದಲು ನಾನು ಇಳಿದು ಅವನ ಬಾಯಿ ಕಟ್ಟುತ್ತೇನೆ."

"ಅವನು ಮಲಗಿದ್ದಾನಲ್ಲ," ಎನ್ನುತ್ತ ಸಕ್ಕರೆ ಜಾಡಿಯೊಳಗೆ ಬಗ್ಗಿ ಕೇಳಿದಳು, "ಯೀಸ್ಟಪ್ಪ, ನಿದ್ದೆ ಬಂತೇ?"

"ಗಾಢ ನಿದ್ದೆ ತಾಯಿ, ಧೈರ್ಯವಾಗಿ ಇಳಿಯಿರಿ," ಎಂದ ಯೀಸ್ಟು.

ಸಕ್ಕರೆ ನಂಬಿ ಧುಮುಕಿದಳು.

ಮೂರನೇ ದಿನ ಒಳಗೆ ತುಂಬಿದ ಗಾಳಿಯ ಒತ್ತಡಕ್ಕೆ ಜಾಡಿಯ ಬಿರಡೆ ಸೂರಿಗೆ ಹಾರಿತು. ವೈನು ಮೊದಲಿನಷ್ಟೇ ಹುಳಿ. "ಸಕ್ಕರೆಯಮ್ಮ ಎಲ್ಲಿ?" ಎಂದಿತು ಪೊಟ್ಟಣ.

ಯೀಸ್ಟು ತೇಗಿ ಮಗ್ಗುಲು ಬದಲಿಸಿದ. "ನಿದ್ದೆಗಣ್ಣಿನಲ್ಲಿ ಏನು ತಿಂದೆನೋ, ನೆನಪಿಲ್ಲ."