ಅರಳೆಗೆ ತಂದ ಮೆತ್ತನೆ ಬ್ರಷ್ಷು

ಒಂದೂರಲ್ಲಿ ಹೊಂಬಾಳಮ್ಮ ಅಂತ ಇದ್ದಳು. ಹೇಳಿದ್ದು ಕೇಳೋ ಮಗನನ್ನು ಕೊಡಪ್ಪಾ ಅಂತ ದೇವರನ್ನು ಬೇಡಿದ್ದಳು. ದೇವರೋ, ಹೇಳಿದ್ದನ್ನಷ್ಟೇ ಕೇಳೋ ಮರಿಸ್ವಾಮಿಯನ್ನು ಕೊಟ್ಟು ಕೈ ತೊಳೆದುಕೊಂಡ.

ಮನೆಯಲ್ಲೊಂದು ಬಿಳಿ ಜೂಲುನಾಯಿ, ಹೆಸರು ಅರಳೆ. ಹೆಸರಷ್ಟೇ ಅರಳೆ, ಈಗ ಮೈತುಂಬ ಗಂಟು. ಒಮ್ಮೆ ಕಬ್ಬಿಣದ ಬಾಚಣಿಗೆ ಕೂದಲು ಜಗ್ಗಿ ನೋವಾಗಿತ್ತು ನೋಡಿ, ಅವತ್ತಿನಿಂದ ಬಾಚಣಿಗೆ ಕಂಡರೆ ಸಾಕು, ಮಂಚದ ಕೆಳಗೆ ಓಟ!

ದನದ ಡಾಕ್ಟ್ರು ಬಂದು, ಉದ್ದ ಗಡ್ಡ ನೀವಿಕೊಳ್ಳುತ್ತ ನೋಡಿದರು. "ಗಂಟಿನಡಿ ಹುಣ್ಣಾಗ್ತದೆ ಕಣಮ್ಮ. ನಾಳೆ ಸಂಜೆ ಬರ್ತೀನಿ. ಅಷ್ಟರಲ್ಲಿ ಬಿಡಿಸದಿದ್ರೆ ಪೂರ್ತಿ ಬೋಳಿಸಿಬಿಡ್ತೀನಿ!"

ಹೊಂಬಾಳಮ್ಮ ಅರಳೆಯ ಬೆನ್ನು ನೇವರಿಸಿದಳು. ಮೈ ಕೊರೆಯುವ ಈ ಚಳಿಯಲ್ಲಿ ಬೋಳು ನಾಯಿ ಬದುಕೀತೇ?

"ಮಗಾ, ಪೇಟೆಗೋಗಿ ಮೆತ್ತಗಿರೋ ಬ್ರಷ್ ತಕ್ಕಂಡ್ ಬಾ!"

"ಆಗ್ಲಿ ಕಣವ್ವ!"

ಹೋದ. ಅಂಗಡಿ ರಾಚಪ್ಪನ ಹತ್ತಿರ ಇದ್ದುದರಲ್ಲೆಲ್ಲ ಮೆತ್ತಗಿದ್ದದ್ದನ್ನೇ ತಂದ. ತಂದದ್ದೇನು? ಗೋಡೆಗೆ ಬಣ್ಣ ಬಳಿಯೋ ಬ್ರಷ್ಷು!

"ಅಯ್ಯೋ ಪೆದ್ದುಮುಂಡೇದೇ! ಅರಳೆ ಏನು ಗೋಡೇನಾ? ಹಲ್ಲಿರೋದು ಬೇಕು ಕಣ್ಲಾ! ಚುಚ್ತದೋ ಇಲ್ವೋ ಅಂತ ಮೊದ್ಲು ಕೆನ್ನೆಗೆ ಉಜ್ಜಿ ನೋಡ್ಬೇಕು!"

"ಆಗ್ಲಿ ಕಣವ್ವ!"

ಹೋದ. ತಂತಿ ಹಲ್ಲಿನ ಬ್ರಷ್ಷೊಂದನ್ನು ಎತ್ತಿಕೊಂಡ. ರಾಚಪ್ಪನ ಕೆನ್ನೆಗೆ ಬರಬರ ಉಜ್ಜಿದ.

"ಅಯ್ಯಯ್ಯೋ ಸತ್ತೆ!" ಅಂತ ರಾಚಪ್ಪ ಬೀದಿಯವರೆಗೂ ಅಟ್ಟಿಸಿಕೊಂಡು ಬಂದ.

"ಅವ್ವ, ರಾಚಪ್ಪಣ್ಣನ ಕೆನ್ನೆಗೆ ಉಜ್ಜಿ ನೋಡ್ದೆ, ಅದು ಚುಚ್ತದಂತೆ!" ಅಂತ ಮರಿಸ್ವಾಮಿ ಬರಿಗೈಲಿ ಬಂದು ನಿಂತ.

"ನಿನ್ ಕೆನ್ನೆಗೆ ಉಜ್ಜೋ ಅಂದ್ರೆ ಅವನ್ ಕೆನ್ನೆಗೆ ಉಜ್ಜಿದ್ಯಾ? ನಾಯಿಯಾಗ್ಲಿ ಯಾರಾಗ್ಲಿ, ಹಂಗೆಲ್ಲ ಸಟ್ಟನೆ ಮೈಮೇಲೆ ಬೀಳಬಾರ್ದು ಕಣ್ಲಾ! ಮೊದ್ಲು ಮೂಸೋಕ್ ಕೊಡು. ಬಾಲ ಅಲ್ಲಾಡ್ಸೋಗಂಟ ಕಾಯಿ. ಆಮೇಲೆ ಮುಟ್ಟು!"

"ಆಗ್ಲಿ ಕಣವ್ವ!"

ಮಾರನೇ ದಿನ ಮತ್ತೆ ಹೋದ. ಒಂದು ಬ್ರಷ್ಷು ಹಿಡಿದು ರಾಚಪ್ಪನ ಮೂಗಿಗೆ ಒಡ್ಡಿದ. ಆಮೇಲೆ ಅವನ ಹಿಂದಕ್ಕೆ ಹೋಗಿ ಕುಕ್ಕರುಗಾಲಲ್ಲಿ ಕೂತ.

"ಏನ್ಲಾ ನೋಡ್ತಾ ಇದ್ದೀಯ ಅಲ್ಲಿ?"

"ಬಾಲ ಅಲ್ಲಾಡ್ಲಿ ಅಂತ ಕಾಯ್ತಾ ಇವ್ನಿ ಕಣಣ್ಣ!"

ರಾಚಪ್ಪ ಎರಡೂ ಕೈ ಮುಗಿದ. ಒಳಗಿಂದ ರಬ್ಬರ್ ಹಲ್ಲಿನ ಬ್ರಷ್ಷೊಂದು ತಂದು ಅವನ ಕೈಗೆ ತುರುಕಿದ. "ಇದು ಚುಚ್ಚಕ್ಕಿಲ್ಲ, ಜಗ್ಗಕ್ಕಿಲ್ಲ. ತಕ್ಕಂಡು ತೊಲಗಪ್ಪಾ!"

ಹೊಂಬಾಳಮ್ಮ ಅದನ್ನು ತನ್ನ ಅಂಗೈಗೆ ಒತ್ತಿ ನೋಡಿದಳು. ಮೆತ್ತಗಿತ್ತು. ಆದರೇನು, ಅರಳೆ ಮಂಚದ ಕೆಳಗಿಂದ ಬರಬೇಕಲ್ಲ! ಕರೆದಳು, ಬೆಲ್ಲ ತೋರಿಸಿದಳು, ಕಾಲು ಹಿಡಿಯೋದೊಂದು ಬಾಕಿ. ಹೊತ್ತು ಇಳಿಯುತ್ತಿತ್ತು. ಡಾಕ್ಟ್ರು ಇನ್ನೇನು ಬರಬೇಕು.

ಆಗ ಮರಿಸ್ವಾಮಿ ಕೇಳಿದ: "ಅವ್ವ, ಎಲ್ಲಿ ಬಾಚ್ಲಿ?"

"ಎಲ್ಲಿ ಬಾಚ್ತೀಯಾ! ನನ್ ತಲೆ ಬಾಚು!"

"ಆಗ್ಲಿ ಕಣವ್ವ!"

ಅವ್ವನ ತುರುಬು ಬಿಚ್ಚಿಯೇಬಿಟ್ಟ. ಮೆಲ್ಲಗೆ ಬಾಚತೊಡಗಿದ. ಹೊಂಬಾಳಮ್ಮನ ಬಾಯಲ್ಲಿ ಬೈಗುಳ ಸಿದ್ಧವಾಗಿತ್ತು, ಆದರೆ ಹೊರಗೆ ಬರಲಿಲ್ಲ. ಅವಳ ತಲೆಯನ್ನು ಇನ್ನೊಬ್ಬರು ಬಾಚಿ ಎಷ್ಟು ವರ್ಷವಾಗಿತ್ತೋ! ಸುಖವಾಯಿತು ಅವಳಿಗೆ. ಕಣ್ಣು ಮುಚ್ಚಿಕೊಂಡು "ಉಸ್ಸಪ್ಪಾ" ಅಂದಳು.

ಮಂಚದ ಕೆಳಗಿಂದ ಅರಳೆ ಇಣುಕಿತು. ತೆವಳಿತು. ಇಬ್ಬರ ನಡುವೆ ತೂರಿ, ನನಗೂ ಅಂತ ಬೆನ್ನೊಡ್ಡಿ ಮಲಗಿಯೇಬಿಟ್ಟಿತು!

"ಬಾಚು ಮಗಾ, ಬಾಚು!" ಅಂದಳು ಹೊಂಬಾಳಮ್ಮ, ದನಿ ತಗ್ಗಿಸಿ.

ಒಂದೊಂದೇ ಗಂಟು ಸಡಿಲಿತು. ಅರಳೆ ಗುರ್ ಅನ್ನಲಿಲ್ಲ, ಗೊರಕೆ ಹೊಡೆಯಿತು. ಅಡಿಯಲ್ಲಿ ಒಂದೇ ಒಂದು ಹುಣ್ಣೂ ಇರಲಿಲ್ಲ. ಸದ್ಯ, ನಾಯಿ ಉಳಿಯಿತು ಅಂತ ಹೊಂಬಾಳಮ್ಮ ಅತ್ತಳು, ನಕ್ಕಳು, ಮಗನ ಕೆನ್ನೆ ಸವರಿದಳು.

ಅಷ್ಟರಲ್ಲಿ ಹೊರಗೆ ಬೈಕಿನ ಸದ್ದು.

"ಡಾಕ್ಟ್ರು ಬಂದ್ರು! ಬೋಳಿಸೋದ್ ಬೇಡ್ವಂತೆ ಅಂತ ಎಲ್ಲಾ ಬಿಡಿಸಿ ಹೇಳೋಗು ಮಗಾ!"

"ಆಗ್ಲಿ ಕಣವ್ವ!"

ಓಡಿದ. ಎಷ್ಟು ಹೊತ್ತಾದರೂ ಒಳಗೆ ಬರಲಿಲ್ಲ. ಹೊಂಬಾಳಮ್ಮ ಹೊರಗೆ ಬಂದು ನೋಡುತ್ತಾಳೆ: ಡಾಕ್ಟ್ರ ಉದ್ದ ಗಡ್ಡ ಮರಿಸ್ವಾಮಿಯ ಎಡಗೈಯಲ್ಲಿ, ಬ್ರಷ್ಷು ಬಲಗೈಯಲ್ಲಿ!

"ಏನ್ಲಾ ಇದು, ಮಾನಗೇಡಿ!"

"ನೀನೇ ಅಂದ್ಯಲ್ಲವ್ವ, ಎಲ್ಲಾ ಬಿಡಿಸಿ ಹೇಳು ಅಂತ! ಗಡ್ಡ ಬಿಡಿಸಿದ್ದಾಯ್ತು. ತಲೆ ಒಂದು ಬಿಡಿಸಿ, ಆಮೇಲೆ ಹೇಳ್ತೀನಿ!"