ಅಂಜಿನಿ ಡಾಕ್ಟರನ್ನು ಆರಿಸಿದ್ದು

ಹಿಂದೆ ಕುಂತವರು ಒಂದಿಷ್ಟು ಮುಂದೆ ಸರೀರಿ. ಮಂಡಕ್ಕಿ ಹುರಿಯೋ ಭಟ್ಟಿ ಹಾಲಮ್ಮನ ಮಗನ ಕತೆ ಹೇಳ್ತೀನಿ.

ಹಾಲಮ್ಮನಿಗೆ ಒಬ್ಬನೇ ಮಗ. ಹೆಸರು ಅಂಜಿನಪ್ಪ, ಎಲ್ಲರೂ ಕರೆಯೋದು ಅಂಜಿನಿ. ಮೂವತ್ತು ವರ್ಷದ ಆಳು. ಭತ್ತದ ಚೀಲ ಹೆಗಲಿಗೆ ಹಾಕ್ಕಂಡು ಓಡ್ತಾನೆ. ಮೈಯಲ್ಲಿ ಅಷ್ಟು ಕಸುವು, ತಲೆಯಲ್ಲಿ ಮಾತ್ರ ಒಂದೇ ದಾರಿ. ಹೇಳಿದ್ದನ್ನ ಹೇಳಿದಂಗೇ ಮಾಡ್ತಾನೆ. ಬಾಗಿಲು ನೋಡ್ಕೋ ಅಂದ್ರೆ ಬಾಗಿಲನ್ನೇ ನೋಡ್ತಾ ಕೂರ್ತಾನೆ. ಹಿತ್ತಲಿಂದ ದನ ಬಂದು ಮಂಡಕ್ಕಿ ಮೇಯ್ತಿದ್ರೂ ತಿರುಗಿ ನೋಡಲ್ಲ.

"ನಾನು ಹೋದ ಮೇಲೆ ನಿನ್ನ ಗತಿ ಏನಲೇ?" ಅಂತ ಹಾಲಮ್ಮ ದಿನಾ ಅಂತಿದ್ದಳು. ಮೊದಲೆಲ್ಲ ಬೇಜಾರಿಗೆ ಅಂತಿದ್ದ ಮಾತು. ಈಗೀಗ ಹೆದರಿಕೆಯಿಂದ ಅಂತಿದ್ದಳು. ಯಾಕಂದ್ರೆ ಅವಳಿಗೆ ಉಸಿರು ಸಾಲ್ತಿರಲಿಲ್ಲ. ಕಾಲು ಊದಿಕೊಂಡು ಚಪ್ಪಲಿ ಹಿಡೀತಿರಲಿಲ್ಲ. ಯಾರಿಗೂ ಹೇಳಿರಲಿಲ್ಲ, ಅಷ್ಟೆ.

ಅವಳ ಗಂಡನೂ ಹಿಂಗೇ ಹೇಳದೆ ಹೇಳದೆ ಒಂದಿನ ಭಟ್ಟಿ ಮುಂದೆ ಬಿದ್ದಿದ್ದ. ಹೊತ್ಕಂಡು ಹೋದಾಗ ಆಸ್ಪತ್ರೆಯವರು, "ಒಂದು ವರ್ಷ ಮುಂಚೆ ಬರಬೇಕಿತ್ತಮ್ಮ" ಅಂದಿದ್ದರು. ಆ ಮಾತು ಅವಳ ಎದೆಯಲ್ಲಿ ಹಂಗೇ ಕುಂತಿತ್ತು.

ಆ ಊರಲ್ಲಿ ಒಂದು ಹೊಸ ಪದ್ಧತಿ ಬಂದಿತ್ತು. ಮೂರು ಜನ ಡಾಕ್ಟರು ವರ್ಷದ ಸದಸ್ಯತ್ವ ಅಂತ ಶುರು ಮಾಡಿದ್ದರು. ವರ್ಷಕ್ಕೊಮ್ಮೆ ಹಣ ಕಟ್ಟಿ ಸದಸ್ಯರಾದ್ರೆ ಆ ಡಾಕ್ಟರು ವರ್ಷಪೂರ್ತಿ ನಮ್ಮ ಮೇಲೆ ಒಂದು ಕಣ್ಣಿಟ್ಟಿರ್ತಾರೆ, ಕಾಯಿಲೆ ಬರೋದಕ್ಕೆ ಮುಂಚೇನೇ ನೋಡ್ಕಂತಾರೆ. ಹಾಲಮ್ಮನಿಗೆ ಅದು ಬೇಕಾಗಿತ್ತು. ಆದರೆ ಮೂವರಲ್ಲಿ ಯಾರು? ಹಬ್ಬದ ಮುಂದೆ ಭಟ್ಟಿ ಬಿಟ್ಟು ಹೋಗಂಗಿಲ್ಲ. ಬಿಟ್ಟರೂ ಅಷ್ಟು ದೂರ ನಡೆಯಾಕೆ ಅವಳಿಂದ ಆಗಲ್ಲ. ಕೊನೆಗೆ ಮಗನನ್ನೇ ಕರೆದಳು.

"ಅಂಜಿನಿ, ಬಸ್ ಸ್ಟ್ಯಾಂಡ್ ಹತ್ರ ಒಬ್ಬ ಡಾಕ್ಟ್ರು ಅದಾರಂತೆ. ಹೋಗಿ ಅವರನ್ನ ಚೆನ್ನಾಗಿ ನೋಡ್ಕಂಡು ಬಾ."

ಅಂಜಿನಿ ಹೋದ. ಡಾಕ್ಟರ ರೂಮಿನ ಬಾಗಿಲಲ್ಲಿ ನಿಂತ. ನೋಡಿದ. ಒಬ್ಬರು ಒಳಗೆ ಹೋದ್ರು, ಒಬ್ಬರು ಹೊರಗೆ ಬಂದ್ರು, ಇವನು ನೋಡ್ತಾನೇ ಇದ್ದ. ಡಾಕ್ಟರು ಎರಡು ಸಲ ತಲೆ ಎತ್ತಿದ್ರು, ಮೂರನೇ ಸಲ ಬೆವರು ಒರೆಸಿಕೊಂಡು ಕಾಂಪೌಂಡರನ್ನ ಕರೆದು ಇವನನ್ನ ಹೊರಗೆ ಕಳಿಸಿದ್ರು.

"ಹೆಂಗದಾರೋ?" ಅಂದಳು ಅವ್ವ.

"ಎಡಗಿವಿ ಮೇಲೆ ಒಂದು ಮಚ್ಚೆ ಐತೆ ಅವ್ವ. ಮೂಗಲ್ಲಿ ಮೂರು ಬಿಳಿ ಕೂದಲು. ಅಂಗಿಯ ಎರಡನೇ ಗುಂಡಿ ಬೇರೆ ಬಣ್ಣದ್ದು."

ಹಾಲಮ್ಮ ತಲೆ ಹಿಡ್ಕಂಡು ಕುಂತಳು. ಬೈಯ್ಯಾಕೆ ಬಾಯಿ ತೆಗೆದ್ರೆ ಕೆಮ್ಮು ಬಂತು. ಕೆಮ್ಮು ನಿಂತ ಮೇಲೆ ಹೇಳಿದಳು, "ಅಲ್ಲಲೇ, ಸುಮ್ನೆ ನೋಡ್ತಾ ನಿಂತರೆ ಏನು ಬಂತು? ನಾಳೆ ಪೇಟೆ ಬೀದಿ ಡಾಕ್ಟ್ರ ಹತ್ರ ಹೋಗು. ಅಲ್ಲಾದ್ರೂ ಬಾಯಿ ಬಿಟ್ಟು ಕೇಳು."

ಮಾರನೇ ದಿನ ಅಂಜಿನಿ ಪೇಟೆ ಬೀದಿಗೆ ಹೋದ. ಡಾಕ್ಟರ ಮುಂದೆ ಕುಂತ. ಬಾಯಿ ಅಗಲವಾಗಿ ಬಿಟ್ಟ. ಕಿವಿ ಕೊಟ್ಟು ಕೇಳಿಸ್ಕಂತಾ ಕುಂತ.

"ಏನಪ್ಪ ತೊಂದರೆ?" ಅಂದ್ರು ಡಾಕ್ಟರು.

ಅಂಜಿನಿ ಬಾಯಿ ಮುಚ್ಚಲಿಲ್ಲ. ಮಾತೂ ಆಡಲಿಲ್ಲ. ಡಾಕ್ಟರು ಟಾರ್ಚ್ ಹಾಕಿ ನೋಡಿದ್ರು, ನಾಲಿಗೆ ಒತ್ತಿದ್ರು. ಒಂದು ದವಡೆ ಹಲ್ಲು ಹುಳುಕಾಗಿತ್ತು. ಒಂದು ಚೀಟಿ ಬರೆದು ಕೈಗೆ ಕೊಟ್ಟು, "ಮುಂದಿನವರು ಬನ್ನಿ" ಅಂದ್ರು. ಎಲ್ಲ ಸೇರಿ ಎರಡು ನಿಮಿಷವೂ ಆಗಲಿಲ್ಲ.

ಮನೆಗೆ ಬಂದಾಗ ಹಾಲಮ್ಮ ಮೆಟ್ಟಿಲ ಮೇಲೆ ಕುಂತಿದ್ದಳು. ಮನೆಗೆ ಇರೋದು ಮೂರೇ ಮೆಟ್ಟಿಲು. ಎರಡನೇದರಲ್ಲಿ ಕುಂತು ಉಸಿರು ಎಳ್ಕಂತಿದ್ದಳು.

"ಕೇಳಿದ್ಯಾ?"

"ಬಾಯಿ ಬಿಟ್ಟು ಕೇಳಿದೆ ಅವ್ವ. ಫ್ಯಾನ್ ಸದ್ದು ಕೇಳ್ತು, ಹೊರಗೆ ಕೂಸು ಅಳೋದು ಕೇಳ್ತು. ನನ್ನ ಹಲ್ಲು ಹುಳುಕಂತೆ."

ಹಾಲಮ್ಮನಿಗೆ ಅಳು ಬಂತು. ಸೆರಗಲ್ಲಿ ಮುಖ ಒತ್ತಿಕೊಂಡಳು. "ಇನ್ನು ಉಳಿದಿರೋದು ಒಬ್ಬರೇ ಅಂಜಿನಿ. ಕೆರೆ ಏರಿ ಹತ್ರದ ಶಶಿರೇಖಾ ಡಾಕ್ಟ್ರಮ್ಮ. ಅಲ್ಲಿ ನೀನೇನೂ ನೋಡಬೇಡ, ಏನೂ ಕೇಳಬೇಡ. ಅವರು ಕೇಳಿದ್ದಕ್ಕೆ ಹೇಳು, ಸಾಕು. ನಿಮ್ಮವ್ವ ಹೆಂಗದಾಳೆ ಅಂದ್ರೆ ಗಟ್ಟಿಮುಟ್ಟಾಗಿದಾಳೆ ಅಂತ ಹೇಳು. ಉಸಿರು ಕಟ್ಟೋದು ಹೇಳಬೇಡ. ಕಾಲು ಊದಿರೋದು ಹೇಳಬೇಡ. ಕಾಯಿಲೆಯವರು ಅಂತ ಗೊತ್ತಾದ್ರೆ ಸೇರಿಸ್ಕಳಲ್ಲ ಅವರು. ತಿಳೀತಾ? ನಾನು ಹೇಳಿದಂಗೇ ಹೇಳು."

"ನೀನು ಹೇಳಿದಂಗೇ ಹೇಳ್ತೀನಿ ಅವ್ವ."

ಬೆಳಿಗ್ಗೆ ಅಂಜಿನಿ ಕೆರೆ ಏರಿ ಕಡೆ ಹೋದ. ಡಾಕ್ಟ್ರಮ್ಮ ಕೂರಿಸಿದ್ರು. ಆ ಕ್ಲಿನಿಕ್ಕಲ್ಲಿ ಅವಸರ ಇರಲಿಲ್ಲ. ಊರು, ಮನೆ, ಕೆಲಸ ಎಲ್ಲ ವಿಚಾರಿಸಿದ್ರು. ಅಪ್ಪ ಏನಾಗಿ ಹೋದ್ರು ಅಂತ ವಿಚಾರಿಸಿದ್ರು. ಭಟ್ಟಿ ಹೊಗೆ ಮನೆಯೊಳಗೆ ಬರ್ತದಾ ಅಂತ ವಿಚಾರಿಸಿದ್ರು. ಅಂಜಿನಿ ಎಲ್ಲಕ್ಕೂ ಹೇಳಿದ.

"ನಿಮ್ಮ ತಾಯಿ ಹೇಗಿದಾರಪ್ಪ?"

ಅಂಜಿನಿ ಎದ್ದು ನಿಂತ. ಪಾಠ ಒಪ್ಪಿಸೋ ಹುಡುಗನಂಗೆ ಕೈ ಕಟ್ಟಿದ.

"ಗಟ್ಟಿಮುಟ್ಟಾಗಿದಾಳೆ ಅಂತ ಹೇಳು. ಉಸಿರು ಕಟ್ಟೋದು ಹೇಳಬೇಡ. ಕಾಲು ಊದಿರೋದು ಹೇಳಬೇಡ. ಕಾಯಿಲೆಯವರು ಅಂತ ಗೊತ್ತಾದ್ರೆ ಸೇರಿಸ್ಕಳಲ್ಲ ಅವರು. ತಿಳೀತಾ?"

ಡಾಕ್ಟ್ರಮ್ಮ ನಗಲಿಲ್ಲ. ಪೆನ್ನು ಕೆಳಗಿಟ್ಟರು. "ರಾತ್ರಿ ಹೆಂಗೆ ಮಲಗ್ತಾರೆ?"

"ಮಲಗಲ್ಲ. ಗೋಡೆಗೆ ಒರಗಿ ಕೂರ್ತಾಳೆ."

"ಎಷ್ಟು ದಿನದಿಂದ?"

"ಎಳ್ಳಮಾಸಿ ಹಬ್ಬದಿಂದ. ಎರಡು ತಿಂಗಳಾಯ್ತು."

ಡಾಕ್ಟ್ರಮ್ಮ ಕುರ್ಚಿಯಿಂದ ಎದ್ದರು. "ಅಂಜಿನಪ್ಪ, ಈಗಲೇ ಹೋಗಿ ಅವರನ್ನ ಕರ್ಕೊಂಡು ಬಾ. ಒಂದು ಹೆಜ್ಜೇನೂ ನಡೆಸಬೇಡ. ತಿಳೀತಾ? ಒಂದೇ ಒಂದು ಹೆಜ್ಜೆ ಕೂಡ."

ಅಂಜಿನಿ ಓಡಿದ. ಹಾಲಮ್ಮ ಭಟ್ಟಿ ಮುಂದೆ ಕಾದ ಮರಳಲ್ಲಿ ಮಂಡಕ್ಕಿ ಹುರೀತಿದ್ದಳು. ಇವನು ಬಂದವನೇ ಅವಳ ಸೊಂಟಕ್ಕೆ ಕೈ ಹಾಕಿ ಎತ್ತಿ ಹೆಗಲ ಮೇಲೆ ಕೂರಿಸ್ಕಂಡು ಹೊರಟ. ಮರಳು ಸೋಸೋ ಜರಡಿ ಇನ್ನೂ ಅವಳ ಕೈಯಲ್ಲೇ ಇತ್ತು.

"ಇಳಿಸಲೇ, ಮಾನ ಹೋಗ್ತತಿ. ನಾನೇ ನಡೀತೀನಿ."

"ನಡೀಬಾರದಂತೆ ಅವ್ವ."

ಬೀದಿಯವರೆಲ್ಲ ಹೊರಗೆ ಬಂದು ನೋಡಿದ್ರು. ಆಟೋ ಓಡಿಸೋ ರಫೀಕ ಪಕ್ಕಕ್ಕೆ ಬಂದು, "ಅಂಜಿನಿ, ಕೂರಿಸೋ, ಬಿಟ್ಟು ಬರ್ತೀನಿ, ದುಡ್ಡು ಬೇಡ" ಅಂದ.

"ಆಟೋ ಹತ್ತಾಕೆ ಒಂದು ಹೆಜ್ಜೆ ಇಡಬೇಕಲ್ಲ" ಅಂದ ಅಂಜಿನಿ. ನಿಲ್ಲಲಿಲ್ಲ.

ಹಾಲಮ್ಮ ಪೇಟೆ ದಾಟೋವರೆಗೂ ಬೈದಳು. ಪೆದ್ದ ಅಂದಳು, ದಡ್ಡ ಅಂದಳು. ಶಾಲೆ ಹತ್ರ ಬಂದಾಗ ಬೈಗುಳ ಸಣ್ಣದಾಯ್ತು. ಕೆರೆ ಕಾಣೋ ಹೊತ್ತಿಗೆ ನಿಂತೇ ಹೋಯ್ತು. ಜರಡಿ ಕೈಯಿಂದ ಜಾರಿ ರಸ್ತೆಗೆ ಬಿತ್ತು. ಅವಳ ತಲೆ ಅಂಜಿನಿ ತಲೆ ಮೇಲೆ ವಾಲಿತು.

"ಅವ್ವ, ಬೈಯಿ" ಅಂದ ಅಂಜಿನಿ.

ಅವ್ವ ಬೈಯಲಿಲ್ಲ.

"ಬೈಯಿ ಅವ್ವ."

ಅವನಿಗೆ ಏನೂ ತಿಳೀಲಿಲ್ಲ. ಆದರೆ ಕಾಲಿಗೆ ತಿಳೀತು. ಏರಿ ಮೇಲೆ ಓಡಿದ, ಜೊತೆಗೇ ಬರ್ತಿದ್ದ ರಫೀಕನ ಆಟೋ ಹಿಂದೆ ಬಿತ್ತು. ಬಾಗಿಲಲ್ಲೇ ಕಾಯ್ತಿದ್ದ ಡಾಕ್ಟ್ರಮ್ಮ ಅವನ ಕೈಲೇ ಅವಳನ್ನ ಒಳಗೆ ತರಿಸಿ ಮಂಚಕ್ಕೆ ಒರಗಿಸಿದ್ರು.

ಮೂಗಿಗೆ ಆಕ್ಸಿಜನ್ ಇಟ್ಟರು, ಸೂಜಿ ಚುಚ್ಚಿದ್ರು. ಅಂಜಿನಿ ಹೊರಗೆ ಬೆಂಚಿನ ಮೇಲೆ ಕುಂತ. ಕೂರು ಅಂದಿದ್ರು, ಕುಂತ. ನೀರು ಬೇಕಾ ಅಂದ್ರೂ ಏಳಲಿಲ್ಲ. ಅರ್ಧ ಗಂಟೆ ಆದ ಮೇಲೆ ಒಳಗಿನಿಂದ ಸಣ್ಣ ದನಿ ಬಂತು, "ಜರಡಿ ಎಲ್ಲಿ ಬಿಸಾಕಿದ್ಯಲೇ, ಪೆದ್ದ."

ಅಂಜಿನಿ ಗೋಡೆ ಕಡೆ ತಿರುಗಿ ಅತ್ತ.

ಹೃದಯಕ್ಕೆ ಬಲ ಇಲ್ಲದೆ ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿತ್ತು. ಡಾಕ್ಟ್ರಮ್ಮ ತಮ್ಮ ಕಾರಲ್ಲೇ ಹಾಲಮ್ಮನನ್ನ ದೊಡ್ಡಾಸ್ಪತ್ರೆಗೆ ಕಳಿಸಿದ್ರು. ಹತ್ತು ದಿನಕ್ಕೆ ಅವಳು ತಿರುಗಿ ಬಂದಳು. ಕಾಲಿನ ಬಾವು ಇಳಿದಿತ್ತು. ಹೊಗೆ ಹತ್ರ ಹೋಗಬಾರದು, ಉಪ್ಪು ಕಮ್ಮಿ ತಿನ್ನಬೇಕು, ಮಾತ್ರೆ ತಪ್ಪಿಸಬಾರದು ಅಂತ ಕಟ್ಟುನಿಟ್ಟು ಮಾಡಿದ್ರು. ಭಟ್ಟಿಗೆ ಅವಳ ತಂಗಿ ಬಂದು ನಿಂತಳು.

ಸದಸ್ಯತ್ವದ ಹಾಳೆಗೆ ಹೆಬ್ಬೆಟ್ಟು ಒತ್ತುವಾಗ ಹಾಲಮ್ಮ ಅಳುಕುತ್ತಾ ಕೇಳಿದಳು, "ಕಾಯಿಲೆಯವಳನ್ನ ಸೇರಿಸ್ಕಂತೀರಾ ತಾಯಿ?"

"ನಿಮ್ಮಂಥವರಿಗೇ ಇರೋದು ಇದು, ಹಾಲಮ್ಮ. ಮುಚ್ಚಿಟ್ಟರೆ ಮಾತ್ರ ನನ್ನ ಕೈಲಿ ಏನೂ ಆಗಲ್ಲ." ಆಮೇಲೆ ಅಂಜಿನಿ ಕಡೆ ತಿರುಗಿದ್ರು. "ನಿನ್ನ ಹೆಸರೂ ಬರೆದಿದೀನಿ. ಚೆನ್ನಾಗಿದ್ದಾಗ ಬರಬೇಕು ಅಂಜಿನಪ್ಪ, ಕಾಯಿಲೆ ಬಿದ್ದ ಮೇಲಲ್ಲ. ನೆನಪಿರಲಿ."

ಅಂಜಿನಿ ನೆನಪಿಟ್ಟುಕೊಂಡ. ಮಾರನೇ ದಿನ ಬೆಳಿಗ್ಗೆ ಎದ್ದ, ಚೆನ್ನಾಗಿದ್ದ, ಹೋದ. "ಚೆನ್ನಾಗಿದೀನಿ ಡಾಕ್ಟ್ರಮ್ಮ" ಅಂದ. ಅದರ ಮಾರನೇ ದಿನವೂ ಚೆನ್ನಾಗಿದ್ದ, ಹೋದ. ಹಿಂಗೇ ಹದಿನೆಂಟು ದಿನ ಹೋದ. ಡಾಕ್ಟ್ರಮ್ಮ ಮೊದಲು ನಕ್ಕರು, ಆಮೇಲೆ ಗದರಿದ್ರು, ಆಮೇಲೆ ಒಂದು ಸಲ ನಾಡಿ ಹಿಡಿದು ನೋಡಿ ಕಳಿಸೋದು ರೂಢಿ ಮಾಡ್ಕಂಡರು.

ಹತ್ತೊಂಬತ್ತನೇ ದಿನ ಅಂಜಿನಿ ಬರಲಿಲ್ಲ. ಇಪ್ಪತ್ತನೇ ದಿನವೂ ಬರಲಿಲ್ಲ. ಡಾಕ್ಟ್ರಮ್ಮನ ಮನಸ್ಸು ತಡೀಲಿಲ್ಲ. ಸ್ಕೂಟರ್ ತಗಂಡು ಭಟ್ಟಿ ಬೀದಿಗೆ ಬಂದ್ರು.

ಹಾಲಮ್ಮ ಬಾಗಿಲಲ್ಲೇ ನಿಂತಿದ್ದಳು, ಮುಖದಲ್ಲಿ ರಕ್ತ ಇರಲಿಲ್ಲ. "ನಿನ್ನೆಯಿಂದ ಮೈ ಕೆಂಡ ಆಗೈತೆ ತಾಯಿ. ನಡಿ ಡಾಕ್ಟ್ರಮ್ಮನ ಹತ್ರ ಹೋಗಣ ಅಂದ್ರೆ ಕಂಬ ಹಿಡ್ಕಂಡು ಕೂರ್ತಾನೆ. ನನ್ನ ಕೈಲಿ ಎಳೆಯಾಕೆ ಆಗ್ತದಾ?"

ಅಂಜಿನಿ ಮೂಲೆಯಲ್ಲಿ ಕಂಬಳಿ ಹೊದ್ದು ನಡುಗ್ತಿದ್ದ. ಡಾಕ್ಟ್ರಮ್ಮ ಹಣೆ ಮುಟ್ಟಿ ನೋಡಿ ಕೈ ಹಿಂದಕ್ಕೆ ತಗಂಡರು.

"ಇಷ್ಟು ಜ್ವರ ಇಟ್ಕೊಂಡು ಯಾಕೋ ಬರಲಿಲ್ಲ?"

ಅಂಜಿನಿ ಕಂಬಳಿಯಿಂದ ಮುಖ ತೆಗೆದ. ಹಲ್ಲು ಕಟಕಟ ಅಂತಿತ್ತು.

"ಕಾಯಿಲೆ ಬಿದ್ದ ಮೇಲಲ್ಲ ಅಂದಿದ್ರಲ್ಲ ಡಾಕ್ಟ್ರಮ್ಮ. ಇದೊಂದು ವಾಸಿ ಆಗ್ಲಿ, ಬಂದು ತೋರಿಸ್ಕಂತೀನಿ."